ಬೆಲೆ ಕಟ್ಟುವ ಮಾತಿನೊಳಗೆ ಹೊಗಳಿಕೆ ಹೊಕ್ಕ ಕಥೆ

ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆ ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಗಾಂಧಿ ಬಜಾರಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿದೆ. ಶಾಖೆಯ ಒಳಮೂಲೆಯಲ್ಲಿ, ಕ್ಯಾಶ್ ಕೌಂಟರಿನ ಪಕ್ಕಕ್ಕೆ, ಗಾಜಿನ ತಡೆಯ ಹಿಂದೆ ಒಂದು ಸಣ್ಣ ಮೇಜಿದೆ. ಅದರ ಮೇಲೆ ಅಂಗೈಯಗಲದ ಕರಿಯ ಒರೆಗಲ್ಲು, ತುದಿಗೆ ಚಿನ್ನ ಬೆಸೆದ ಕೆಲವು ಸೂಜಿಗಳು, ಗಾಜಿನ ಬಿರಡೆಯ ಆಸಿಡ್ ಬಾಟಲಿ, ಒಂದು ಭೂತಗನ್ನಡಿ ಮತ್ತು ಗಾಳಿಗೂ ಅಲುಗುವ ಎಲೆಕ್ಟ್ರಾನಿಕ್ ತಕ್ಕಡಿ. ಅಲ್ಲಿ ಕೂರುವ ಹಿರಿಯರನ್ನು ನಾವೆಲ್ಲರೂ ಆಚಾರ್ರೇ ಎಂದು ಕರೆಯುತ್ತೇವೆ. ಅವರ ಎದೆಯ ಮೇಲಿನ ಗುರುತಿನ ಚೀಟಿಯಲ್ಲಿರುವ ಪದ ಮಾತ್ರ ಅಪ್ರೈಸರ್. ಚಿನ್ನದ ಸಾಲಕ್ಕೆ ಬಂದವರ ಒಡವೆಗೆ ಬೆಲೆ ಕಟ್ಟಿ, ಕಾಗದದ ಮೇಲೆ ರುಜು ಹಾಕುವುದು ಅವರ ಕೆಲಸ. ಅವರ ರುಜು ಬೀಳುವವರೆಗೆ ಶಾಖೆಯ ಮ್ಯಾನೇಜರಾದರೂ ಒಂದು ರೂಪಾಯಿ ಸಾಲ ಕೊಡುವಂತಿಲ್ಲ.

ಕಳೆದ ಏಪ್ರಿಲಿನಲ್ಲಿ, ಬೆಳ್ಳಂದೂರಿನ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ಅಕ್ಕನ ಮಗಳು ರಾತ್ರಿ ಹತ್ತರ ಹೊತ್ತಿಗೆ ಫೋನು ಮಾಡಿದಳು. ಅವರಲ್ಲಿ ವರ್ಷಕ್ಕೊಮ್ಮೆ ನೌಕರರ ಕೆಲಸವನ್ನು ಅಳೆಯುವುದಕ್ಕೆ ಅಪ್ರೈಸಲ್ ಎನ್ನುತ್ತಾರೆ. "ಮಾಮ, ನಮ್ಮ ಅಪ್ರೈಸಲ್ ಮುಗೀತು. ಮೂರು ಪುಟ ಹೊಗಳಿದಾರೆ, ಸಂಬಳ ನೂರಕ್ಕೆ ಮೂರು ಜಾಸ್ತಿ ಮಾಡಿದಾರೆ" ಎಂದಳು. ಮನೆ ಬಾಡಿಗೆಯೇ ವರ್ಷಕ್ಕೆ ಅದಕ್ಕಿಂತ ಹೆಚ್ಚು ಏರುವ ಊರಿನಲ್ಲಿ ಇದು ನಗುವ ವಿಷಯವಲ್ಲವಾದರೂ ಅವಳೇ ನಕ್ಕಳು. ಆಮೇಲೆ, "ನಿಮ್ಮ ಬ್ಯಾಂಕಲ್ಲೂ ಒಬ್ರು ಅಪ್ರೈಸರ್ ಇದಾರಲ್ಲ, ಅವರೂ ಹೀಗೇನಾ? ಹೊಗಳಿ ಹೊಗಳಿ ಕಡಿಮೆ ಕೊಡ್ತಾರಾ?" ಎಂದು ಕೇಳಿದಳು. ನಮ್ಮ ಆಚಾರ್ರು ಇಷ್ಟು ವರ್ಷಗಳಲ್ಲಿ ಒಂದು ಒಡವೆಯನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹೀಗೆ ಒಂದೇ ಊರಿನಲ್ಲಿ, ಹತ್ತೋ ಹನ್ನೆರಡೋ ಕಿಲೋಮೀಟರಿನ ಅಂತರದಲ್ಲಿ, appraise ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದ ಎರಡು ತದ್ವಿರುದ್ಧ ಕೆಲಸಗಳಿಗೆ ನಿಂತದ್ದು ಹೇಗೆ ಎಂಬ ಕುತೂಹಲದಿಂದ ಆ ವಾರ ನಿಘಂಟುಗಳನ್ನು ತಿರುವಿ ಹಾಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪದದ ಬುಡ ಲ್ಯಾಟಿನ್ನಿನಲ್ಲಿದೆ. ಆ ಭಾಷೆಯಲ್ಲಿ ಪ್ರೆತಿಯುಂ ಎಂದರೆ ಬೆಲೆ. ಅದಕ್ಕೆ 'ಕಡೆಗೆ, ಮೇಲೆ' ಎಂಬ ಅರ್ಥದ ಅದ್ ಎಂಬ ಉಪಸರ್ಗ ಸೇರಿ, ಲ್ಯಾಟಿನ್ನಿನ ಕೊನೆಗಾಲದಲ್ಲಿ ಅಪ್ರೆತಿಯಾರೆ ಎಂಬ ಕ್ರಿಯಾಪದವಾಯಿತು, ಅಂದರೆ ಒಂದರ ಮೇಲೆ ಬೆಲೆಯನ್ನು ಇಡುವುದು. ಅದು ಹಳೆಯ ಫ್ರೆಂಚಿನಲ್ಲಿ ಸವೆದು ಅಪ್ರಿಸಿಯೆ ಆಗಿ, 1400ರ ಆಸುಪಾಸಿಗೆ ಇಂಗ್ಲಿಷಿನೊಳಕ್ಕೆ ಬಂದಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯ, ಕಂದಾಯ ಮತ್ತು ಆಡಳಿತದ ಮಾತು ಬಹುಮಟ್ಟಿಗೆ ಫ್ರೆಂಚಿನಲ್ಲಿ ನಡೆಯುತ್ತಿದ್ದುದರಿಂದ, ನಮ್ಮಲ್ಲಿ ಜಮೀನು, ವಸೂಲಿ, ಜಪ್ತಿಗಳು ಪಾರಸಿ ಆಡಳಿತದ ದಾರಿಯಲ್ಲಿ ಬಂದು ನೆಲೆಯೂರಿದಂತೆ, ಅಲ್ಲಿ ಬೆಲೆ ಕಟ್ಟುವ ಮಾತು ಫ್ರೆಂಚಿನಿಂದ ಬಂದು ನೆಲೆಯೂರಿತು. ಪ್ರೆತಿಯುಮ್ಮಿನ ಇನ್ನೂ ಹಿಂದಿನ ಮೂಲವನ್ನು ಹುಡುಕುವ ಕೆಲವು ವಿದ್ವಾಂಸರು ಅದನ್ನು ಸಂಸ್ಕೃತದ ಪ್ರತಿ ಎಂಬುದರ ಜೊತೆಗೆ ಇಟ್ಟು ನೋಡುತ್ತಾರೆ. ಒಂದಕ್ಕೆ ಪ್ರತಿಯಾಗಿ ಎದುರಿಗೆ ಇಡುವಂಥದ್ದೇ ಬೆಲೆ. ಪ್ರತಿಫಲ ಎನ್ನುವಾಗ ನಾವು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ ಆದ್ದರಿಂದ, ಈ ವಿವರಣೆಗೆ ನನ್ನ ಮನಸ್ಸು ಬೇಗ ಒಪ್ಪಿತು.

ಇಲ್ಲಿಯವರೆಗೆ ಹೊಗಳಿಕೆಯ ಸುಳಿವಿಲ್ಲ. ಅದು ಬಂದದ್ದು ಇನ್ನೊಂದು ಬಾಗಿಲಿನಿಂದ. ಅದೇ ಪ್ರೆತಿಯುಮ್ಮಿನಿಂದ ಫ್ರೆಂಚಿನಲ್ಲಿ ಪ್ರಿಸ್ ಎಂಬ ನಾಮಪದವೂ ಪ್ರೆಯಿಸಿಯೆ ಎಂಬ ಕ್ರಿಯಾಪದವೂ ಹುಟ್ಟಿದ್ದವು. ಮಧ್ಯಕಾಲದ ಇಂಗ್ಲಿಷಿಗೆ ಬಂದ ಪ್ರಿಸ್ ಎಂಬ ಒಂದೇ ಪದ ಬೆಲೆ, ಯೋಗ್ಯತೆ, ಗೌರವ, ಬಹುಮಾನ, ಹೊಗಳಿಕೆ ಇಷ್ಟೂ ಅರ್ಥಗಳನ್ನು ಹೊತ್ತು ತಿರುಗುತ್ತಿತ್ತು. ಹೊರೆ ಹೆಚ್ಚಾದಾಗ ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ ಆಸ್ತಿ ಹಂಚಿಹೋಯಿತು. ಪ್ರೈಸ್ ಬೆಲೆಯನ್ನು ಇಟ್ಟುಕೊಂಡಿತು, ಪ್ರೈಜ್ ಬಹುಮಾನವನ್ನು ತೆಗೆದುಕೊಂಡಿತು, ಹೊಗಳಿಕೆ ಪ್ರೇಜ್‌ನ ಪಾಲಿಗೆ ಬಂದಿತು. ಆದರೆ ಪಾಲಾದ ಮೇಲೂ ಬಹಳ ಕಾಲ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುತ್ತಲೇ ಇದ್ದರು. ಎಂಟನೆಯ ಹೆನ್ರಿಯ ಕಾಲದ 1529ರ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಯಾರಾದರೂ ಸತ್ತರೆ ಅವರ ಚರಾಸ್ತಿಯ ಪಟ್ಟಿಯನ್ನು ಕನಿಷ್ಠ ಇಬ್ಬರ ಸಮ್ಮುಖದಲ್ಲಿ ಮಾಡಬೇಕಿತ್ತು. ಸಾಮಾನ್ಯವಾಗಿ ನೆರೆಹೊರೆಯವರೇ ಮನೆಯೊಳಗೆ ಕೋಣೆಯಿಂದ ಕೋಣೆಗೆ ನಡೆದು ಮಂಚ, ಹಾಸಿಗೆ, ತಪ್ಪಲೆ, ಕೊಟ್ಟಿಗೆಯ ಹಸು, ಕಣಜದ ಕಾಳು ಎಲ್ಲಕ್ಕೂ ಬೆಲೆ ಬರೆಯುತ್ತಿದ್ದರು. ಆ ಕಾಲದ ಇಂಥ ಪಟ್ಟಿಗಳಲ್ಲಿ, ಇಂಥಿಂಥವರು ಪ್ರೇಜ್ ಮಾಡಿದ್ದು ಎಂಬ ಬರಹ ಕಾಣುತ್ತದೆ. ಅವರು ಹಸುವನ್ನು ಹೊಗಳಲಿಲ್ಲ, ಅದಕ್ಕೆ ಇಷ್ಟು ಶಿಲ್ಲಿಂಗ್ ಎಂದರು, ಅಷ್ಟೇ. ಅಂದರೆ ಆ ಕಾಲದ ಇಂಗ್ಲಿಷಿನಲ್ಲಿ ಹೊಗಳುವ ಮಾತಿಗೂ ಬೆಲೆ ಕಟ್ಟುವ ಕೆಲಸ ಗೊತ್ತಿತ್ತು.

ನನಗೆ ತುಂಬ ರುಚಿಸಿದ ಸಂಗತಿ ಇನ್ನು ಮುಂದಿದೆ. ಈ ಕ್ರಿಯಾಪದದ ಹಳೆಯ ಇಂಗ್ಲಿಷ್ ರೂಪದಲ್ಲಿ ಎ ಮತ್ತು ಐ ಅಕ್ಷರಗಳ ಜೋಡಿ ಇರಲಿಲ್ಲ, ಬರಿಯ ಐ ಇತ್ತು. ಪ್ರೈಸ್, ಪ್ರೈಜ್‌ಗಳಲ್ಲಿ ಇರುವಂತೆ ಅದರ ಉಚ್ಚಾರವೂ ಅಪ್ರೈಜ್ ಎಂದೇ. ಪಕ್ಕದಲ್ಲೇ ಇದ್ದ ಪ್ರೇಜ್‌ನ ಸೆಳೆತಕ್ಕೆ ಸಿಕ್ಕಿ ಕ್ರಮೇಣ ಅದರ ಬರವಣಿಗೆ ಬದಲಾಗಿ, ಎ ಅಕ್ಷರ ನಡುವೆ ಸೇರಿಕೊಂಡು, ಉಚ್ಚಾರ ಅಪ್ರೇಜ್ ಎಂದಾಯಿತು. ಬೆಲೆ ಕಟ್ಟುವ ಮಾತಿನ ಹೊಟ್ಟೆಯೊಳಗೆ ಹೊಗಳಿಕೆ ಹೊಕ್ಕು ಕುಳಿತದ್ದು ಹೀಗೆ. ಇಂದಿಗೂ ಇಂಗ್ಲೆಂಡಿನವರು ಬೆಲೆ ಕಟ್ಟುವುದಕ್ಕೆ ಅಪ್ರೇಜ್ ಎಂದೇ ಅನ್ನುತ್ತಾರೆ. ಬೆಂಗಳೂರಿನ ನಾವು ಮಾತ್ರ, ಎ ಮತ್ತು ಐ ಒಟ್ಟಿಗೆ ಕಂಡ ಕೂಡಲೇ 'ಐ' ಎಂದು ಓದುವ ನಮ್ಮ ಅಭ್ಯಾಸದಿಂದ, ಅಪ್ರೈಸಲ್, ಅಪ್ರೈಸರ್ ಎನ್ನುತ್ತೇವೆ. ಉಚ್ಚಾರ ತಿದ್ದುವ ತರಗತಿಗಳಲ್ಲಿ ಇದನ್ನು ತಪ್ಪು ಎಂದು ಹೇಳಿಕೊಡುತ್ತಾರೆ, ಇಂದಿನ ಲೆಕ್ಕದಲ್ಲಿ ತಪ್ಪೇ ಹೌದು. ಆದರೆ ಹೊಗಳಿಕೆ ಒಳನುಗ್ಗುವುದಕ್ಕೆ ಮೊದಲಿನ ಹಳೆಯ ಉಚ್ಚಾರಕ್ಕೆ ನಾವು ಅರಿಯದೆಯೇ ಮರಳಿದ್ದೇವೆ ಎಂಬುದು ಕಾಕತಾಳೀಯವಾದರೂ ನನಗೆ ಸಂತೋಷ ಕೊಟ್ಟಿತು. ನಮ್ಮ ಆಚಾರ್ರನ್ನು ಇನ್ನು ಮುಂದೆ ನಾನು ಧೈರ್ಯವಾಗಿ ಅಪ್ರೈಸರ್ ಎಂದೇ ಕರೆಯುವವನು.

ಈಗಿನ ಇಂಗ್ಲಿಷಿನಲ್ಲಿ ಅಪ್ರೈಜ್ ಎಂಬ ಉಚ್ಚಾರ apprise ಎಂಬ ಬೇರೊಂದು ಕ್ರಿಯಾಪದದ ಸ್ವತ್ತಾಗಿದೆ ಎಂಬುದನ್ನೂ ಹೇಳಬೇಕು. ಅದರ ಅರ್ಥ ತಿಳಿಯಪಡಿಸುವುದು. ಅದು 'ಕಲಿಯುವುದು' ಎಂಬ ಅರ್ಥದ ಫ್ರೆಂಚ್ ಪದದಿಂದ 17ನೆಯ ಶತಮಾನದ ಕೊನೆಗೆ ಬಂದದ್ದು. ಅದರ ಮೂಲದಲ್ಲಿರುವುದು ಹಿಡಿಯುವ, ಗ್ರಹಿಸುವ ಕ್ರಿಯೆ, ಸರ್ಪ್ರೈಸ್, ಎಂಟರ್‌ಪ್ರೈಸ್‌ಗಳೂ ಆ ಬಳಗದವೇ. ಬೆಲೆಯ ಬಳಗಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮೇಲಧಿಕಾರಿಯೊಬ್ಬರಿಗೆ ಬರೆದ ಪತ್ರದಲ್ಲಿ ಈ ಎರಡನ್ನೂ ಅದಲುಬದಲು ಮಾಡಿದ್ದೆ. 'ಈ ವಿಷಯವನ್ನು ತಮ್ಮ ಗಮನಕ್ಕೆ ತರಲಾಗಿದೆ' ಎಂದು ಬರೆಯಬೇಕಾದಲ್ಲಿ 'ಈ ವಿಷಯದಲ್ಲಿ ತಮಗೆ ಬೆಲೆ ಕಟ್ಟಲಾಗಿದೆ' ಎಂಬ ಅರ್ಥ ಬರುವಂತೆ ಬರೆದಿದ್ದೆ. ಅವರು ಪತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, 'ಎಷ್ಟು?' ಎಂದು ಬರೆದು ವಾಪಸು ಕಳಿಸಿದರು. ಆಗ ನನಗೆ ಅರ್ಥವಾಗಲಿಲ್ಲ, ಅರ್ಥವಾದ ದಿನ ಊಟ ಸೇರಲಿಲ್ಲ.

ಮನುಷ್ಯರಿಗೆ ಬೆಲೆ ಕಟ್ಟುವ ಪ್ರಸಂಗ ಈ ಕ್ರಿಯಾಪದಕ್ಕೆ ಹೊಸತೇನೂ ಅಲ್ಲ. ಅಕ್ಕನ ಮಗಳಿಗೆ ಮೊದಲು ನಾನು ಹೇಳಲು ಹೊರಟದ್ದು, ಇದು ವಸ್ತುಗಳಿಗೆ ಹುಟ್ಟಿದ ಮಾತು, ಕಂಪನಿಗಳು ಅದನ್ನು ತಂದು ಮನುಷ್ಯರಿಗೆ ಅಂಟಿಸಿದವು ಎಂದು. ಹುಡುಕುತ್ತ ಹೋದಾಗ ಆ ವಾದ ಬಿದ್ದುಹೋಯಿತು. 4ನೆಯ ಶತಮಾನದ ಕೊನೆಯಲ್ಲಿ ಕ್ರೈಸ್ತ ಪಂಡಿತ ಜೆರೋಮ್ ಪರಿಷ್ಕರಿಸಿದ ಬೈಬಲಿನ ಲ್ಯಾಟಿನ್ ಸುವಾರ್ತೆಗಳ ಪೈಕಿ ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ, ಯೂದನು ಯೇಸುವನ್ನು ಹಿಡಿದುಕೊಟ್ಟು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳ ಪ್ರಸ್ತಾಪ ಬರುತ್ತದೆ. ಅವನು ಪಶ್ಚಾತ್ತಾಪದಿಂದ ಎಸೆದುಹೋದ ಆ ಹಣದಲ್ಲಿ ಯಾಜಕರು ಕುಂಬಾರನ ಹೊಲವನ್ನು ಕೊಳ್ಳುತ್ತಾರೆ. ಆ ಹಣ ಯಾವುದೆಂದರೆ ಬೆಲೆ ಕಟ್ಟಿಸಿಕೊಂಡವನ, ಜನರು ಯಾರಿಗೆ ಬೆಲೆ ಕಟ್ಟಿದರೋ ಅವನ ಬೆಲೆ ಎಂದು ಹೇಳುವಾಗ, ಲ್ಯಾಟಿನ್ ಪಾಠದಲ್ಲಿ ಒಂದೇ ಉಸಿರಿನಲ್ಲಿ ಮೂರು ಸಲ ಇದೇ ಧಾತು ಬರುತ್ತದೆ, ನಾಮಪದವಾಗಿ, ಕೃದಂತವಾಗಿ ಮತ್ತು ಕ್ರಿಯಾಪದವಾಗಿ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ ಹೋರಿ ಹಾಯ್ದು ಗುಲಾಮ ಸತ್ತರೆ ಅವನ ಯಜಮಾನನಿಗೆ ಕೊಡಬೇಕೆಂದು ಗೊತ್ತುಪಡಿಸಿದ ಮೊತ್ತವೂ ಮೂವತ್ತು ಬೆಳ್ಳಿ ಶೆಕೆಲ್. ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಚರ್ಚುಗಳಲ್ಲಿ ಓದಲಾಗುತ್ತಿದ್ದ ಗ್ರಂಥದಲ್ಲಿ ಈ ಕ್ರಿಯಾಪದ ಹೀಗೆ, ಕಟ್ಟಬಾರದವನಿಗೆ ಕಟ್ಟಿದ ಕಡಿಮೆ ಬೆಲೆಯ ಸಂದರ್ಭದಲ್ಲಿ ನಿಂತಿದೆ. ಇದನ್ನು ಫೋನಿನಲ್ಲಿ ಹೇಳಿದಾಗ ಅವಳು, "ಮೂವತ್ತಾದರೂ ಕೊಟ್ಟರಲ್ಲ ಮಾಮ" ಎಂದಳು.

ನಮ್ಮ ಕನ್ನಡದ ಬೆಲೆ ಎಂಬ ಪದದ ಸಂಸಾರವೂ ಚಿಕ್ಕದಲ್ಲ. ತಮಿಳಿನ ವಿಲೈ, ಮಲಯಾಳದ ವಿಲ, ತೆಲುಗಿನ ವೆಲ ಇವೆಲ್ಲ ಅದರ ಒಡಹುಟ್ಟುಗಳು. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುವುದು, ತಮಿಳಿನ ವಾ ನಮ್ಮ ಬಾ ಆದಂತೆ, ಎಲ್ಲರಿಗೂ ತಿಳಿದ ನಿಯಮ. ಇಕಾರ ಎಕಾರವಾದಂತೆಯೇ ಉಕಾರ ಒಕಾರವಾಗುವುದರಿಂದ ತಮಿಳಿನ ಉರೈ, ಅಂದರೆ ಉಜ್ಜು ಎಂಬುದು, ನಮ್ಮಲ್ಲಿ ಒರೆ ಆಯಿತು. ಅವರ ಉರೈಕಲ್ಲೇ ನಮ್ಮ ಆಚಾರ್ರ ಮೇಜಿನ ಮೇಲಿರುವ ಒರೆಗಲ್ಲು. ಬೆಲೆಯನ್ನು ನಾವು ಕಟ್ಟುತ್ತೇವೆ, ಇಂಗ್ಲಿಷಿನವರಂತೆ ಇಡುವುದಿಲ್ಲ. ಮನೆ ಕಟ್ಟಿದಂತೆ, ಹಾಡು ಕಟ್ಟಿದಂತೆ, ಒಂದೊಂದೇ ಲೆಕ್ಕ ಸೇರಿಸಿ ಮೇಲೆ ತರಬೇಕಾದ ಸಂಗತಿ ಎಂಬ ಭಾವ ಅದರಲ್ಲಿದೆ ಎಂದು ನನಗೆ ತೋರುತ್ತದೆ. ಇದು ವ್ಯಾಕರಣದ ಮಾತಲ್ಲ, ನನ್ನ ಕಿವಿಯ ಮಾತು. ಗೌರವದ ಅರ್ಥವೂ ಬೆಲೆಗೆ ನಮ್ಮಲ್ಲೇ ಬೆಳೆದಿದೆ. 'ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲ' ಎಂದು ಗೊಣಗುವ ಯಜಮಾನರು ರೂಪಾಯಿಯ ಲೆಕ್ಕ ಹೇಳುತ್ತಿರುವುದಿಲ್ಲ. ಆದರೆ ಮನುಷ್ಯರ ಮೇಲೆಯೇ ನೇರವಾಗಿ ಬೆಲೆ ಬಿದ್ದರೆ ಮಾತು ಕೆಡುತ್ತದೆ. ಹಳೆಯ ಕನ್ನಡದಿಂದ ಬಂದ ಬೆಲೆವೆಣ್ಣು ಎಂಬ ಪದ ಯಾರನ್ನು ಸೂಚಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಸ್ಕೃತದಿಂದ ನಾವು ತಂದುಕೊಂಡ ಮಾತುಗಳಲ್ಲಿ ಇಂಗ್ಲಿಷಿನ ಬೆಲೆ ಮತ್ತು ಹೊಗಳಿಕೆಯ ಜೋಡಿಗೆ ಸರಿಸಾಟಿಯಾದ ಒಂದು ಜೋಡಿ ಇದೆ. ಅರ್ಘ ಎಂದರೆ ಬೆಲೆ. ಅರ್ಘ್ಯ ಎಂದರೆ ದೇವರಿಗೂ ಪೂಜ್ಯರಾದ ಅತಿಥಿಗೂ ಗೌರವದಿಂದ ಕೊಡುವ ನೀರು. ಯೋಗ್ಯ ಎಂಬ ಅರ್ಥದ ಅರ್ಹ ಅದೇ ಬಳಗದ್ದು. ಬೆಲೆ ಕಟ್ಟಲಾಗದ ರತ್ನವನ್ನು ಅನರ್ಘ್ಯ ಎನ್ನುತ್ತೇವೆ. ಬೆಳಗ್ಗೆ ಸೂರ್ಯನಿಗೆ ಬೊಗಸೆಯಲ್ಲಿ ನೀರು ಬಿಡುವಾಗ ಹೇಳುವ ಪದವೂ ನೇಮಕಾತಿ ಪ್ರಕಟಣೆಯ 'ಅರ್ಹತೆ' ಎಂಬ ಕಾಲಂ ಕೂಡ ಒಂದೇ ಬೇರಿನವೆಂದರೆ, ಬೆಲೆಯಿಂದ ಗೌರವಕ್ಕೆ ಹೋಗುವ ದಾರಿಯನ್ನು ಎಲ್ಲ ಭಾಷೆಗಳೂ ತುಳಿದಿವೆಯೇನೋ ಅನಿಸುತ್ತದೆ. ಮೂಲ್ಯ, ಮೌಲ್ಯಗಳ ಹಿಂದಿರುವುದು ಮೂಲ. ನಮ್ಮಲ್ಲಿ ಮೌಲ್ಯಮಾಪನ ಎಂದ ಕೂಡಲೇ ನೆನಪಾಗುವುದು ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಕಟ್ಟು. ಕಂಪನಿಗಳ ಕನ್ನಡ ಅನುವಾದಗಳಲ್ಲಿ ಅಪ್ರೈಸಲ್‌ಗೆ 'ಕಾರ್ಯಕ್ಷಮತೆಯ ಮೌಲ್ಯಮಾಪನ' ಎಂದು ಬರೆದಾಗ ಆ ಪರೀಕ್ಷೆಯ ಕೊಠಡಿಯ ವಾಸನೆ ಬರುವುದು ಇದರಿಂದಲೇ, ಮತ್ತು ಅದು ಅಷ್ಟೇನೂ ತಪ್ಪು ಅನುವಾದವಲ್ಲ.

ಇದೇ ಕೆಲಸದ ಉಳಿದ ಇಂಗ್ಲಿಷ್ ಕ್ರಿಯಾಪದಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅಸೆಸ್ ಎಂಬುದರ ಮೂಲಾರ್ಥ ಪಕ್ಕದಲ್ಲಿ ಕೂರುವುದು. ನ್ಯಾಯಾಧೀಶನ ಪಕ್ಕದಲ್ಲಿ ಕುಳಿತು ತೆರಿಗೆ, ದಂಡಗಳ ಮೊತ್ತವನ್ನು ಗೊತ್ತುಮಾಡುತ್ತಿದ್ದ ಸಹಾಯಕನಿಂದ ಅದು ಬಂದಿದೆ. 2000ದಲ್ಲಿ ಬೆಂಗಳೂರು ಮಹಾನಗರಪಾಲಿಕೆ ಸೆಲ್ಫ್ ಅಸೆಸ್‌ಮೆಂಟ್ ಎಂಬ ಆಸ್ತಿ ತೆರಿಗೆ ಪದ್ಧತಿಯನ್ನು ತಂದಾಗ, ಪದದ ಲೆಕ್ಕದಲ್ಲಿ ಪ್ರತಿಯೊಬ್ಬ ಮನೆ ಮಾಲೀಕನೂ ತನ್ನ ಪಕ್ಕದಲ್ಲಿ ತಾನೇ ಕೂರುವಂತಾಯಿತು. ಇವ್ಯಾಲ್ಯುಯೇಟ್ 19ನೆಯ ಶತಮಾನದ ಕೂಸು, ಅದರ ಬುಡದಲ್ಲಿರುವ ಲ್ಯಾಟಿನ್ ಧಾತುವಿನ ಅರ್ಥ ಬಲವಾಗಿರುವುದು. ಎಸ್ಟಿಮೇಟ್‌ಗೆ ನಮ್ಮ ಅಂದಾಜು ಸರಿಹೊಂದುತ್ತದೆ, ಅದೂ ಪಾರಸಿಯಿಂದ ಬಂದದ್ದೇ. ಅಪ್ರಿಷಿಯೇಟ್ ಮಾತ್ರ ನಮ್ಮ ಕ್ರಿಯಾಪದದ ಸ್ವಂತ ಅವಳಿ. ಅದೇ ಲ್ಯಾಟಿನ್ ಅಪ್ರೆತಿಯಾರೆ, ಫ್ರೆಂಚಿನ ಸವೆತವಿಲ್ಲದೆ, 17ನೆಯ ಶತಮಾನದಲ್ಲಿ ಪಂಡಿತರ ಕೈಯಿಂದ ನೇರವಾಗಿ ಬಂದು ಮೆಚ್ಚುವ ಅರ್ಥವನ್ನು ಪಡೆಯಿತು. ಬೆಲೆ ಇಳಿಯುವ ಅರ್ಥದ ಅದರ ವಿರುದ್ಧಪದಕ್ಕೆ ನಮ್ಮ ಲೆಕ್ಕಪತ್ರಗಳಲ್ಲಿ ಸವಕಳಿ ಎಂಬ ಸೊಗಸಾದ ಪದವಿದೆ. ಆ ಡಿಪ್ರಿಷಿಯೇಟ್ ಬೇರೆ, ಅಕ್ಕನ ಮಗಳ ಆಫೀಸಿನಲ್ಲಿ ಹಳೆಯ ಸಾಫ್ಟ್‌ವೇರ್ ಕೋಡನ್ನು ಇನ್ನು ಬಳಸಬೇಡಿ ಎಂದು ಗುರುತಿಸುವ ಡೆಪ್ರಿಕೇಟ್ ಬೇರೆ. ಎರಡನೆಯದರ ಮೂಲಾರ್ಥ, ಕೇಡನ್ನು ಪ್ರಾರ್ಥನೆಯಿಂದ ಆಚೆಗೆ ಕಳಿಸುವುದು. ಹಳೆಯ ಕೋಡಿನ ವಿಷಯದಲ್ಲಿ ಅವರು ಮಾಡುವುದೂ ಅದನ್ನೇ ಎಂದು ಅವಳು ಹೇಳುತ್ತಾಳೆ.

ಈಗ ಆಚಾರ್ರ ಮೇಜಿಗೆ ಮರಳುತ್ತೇನೆ, ಏಕೆಂದರೆ ಈ ಕ್ರಿಯಾಪದದ ಮೂಲಾರ್ಥ ಇಂದಿಗೂ ಕಲಬೆರಕೆಯಿಲ್ಲದೆ ನಡೆಯುವುದನ್ನು ನಾನು ಕಂಡಿರುವುದು ಅಲ್ಲೇ. ಒಂದು ಸೋಮವಾರ ಮಧ್ಯವಯಸ್ಸಿನ ಹೆಂಗಸೊಬ್ಬರು ರೇಷ್ಮೆ ಬಟ್ಟೆಯ ಚೀಲದಿಂದ ಒಂದು ಅಡ್ಡಿಕೆಯನ್ನು, ಅಂದರೆ ಕೊರಳಿಗೆ ಬಿಗಿಯಾಗಿ ತೊಡುವ ಹಳೆಯ ಬಗೆಯ ಹಾರವನ್ನು, ತೆಗೆದು ಗಾಜಿನ ಕೆಳಗಿಂದ ಒಳಕ್ಕೆ ತಳ್ಳಿದರು. "ನಮ್ಮಜ್ಜಿ ಕಾಲದ್ದು ಸಾರ್, ಈಗ ಇಂಥ ಕೆಲಸ ಮಾಡೋರೇ ಇಲ್ಲ" ಎಂದರು. ಆಚಾರ್ರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮೊದಲು ಹಾಗೇ ತೂಗಿ, 40 ಗ್ರಾಂ ಎಂದು ಒಟ್ಟು ತೂಕ ಬರೆದುಕೊಂಡರು. ಕೆಂಪು ಕಲ್ಲುಗಳಿಗೆ, ಹಿಂಬದಿಯ ಅರಗಿಗೆ, ಪೋಣಿಸಿದ ದಾರಕ್ಕೆ ಎರಡೂವರೆ ಗ್ರಾಂ ಕಳೆದು, ನಿವ್ವಳ ತೂಕ 37.5 ಎಂದರು. ಆಮೇಲೆ ಎದ್ದು ಕಾಣದ ಒಂದು ಅಂಚನ್ನು ಆರಿಸಿ ಒರೆಗಲ್ಲಿನ ಮೇಲೆ ಒಂದೇ ಬಾರಿ ಎಳೆದರು. ಕರಿಯ ಕಲ್ಲಿನ ಮೇಲೆ ಹಳದಿ ಗೆರೆ ಮೂಡಿತು. ಅದರ ಪಕ್ಕಕ್ಕೆ 22 ಕ್ಯಾರೆಟ್ ಸೂಜಿಯ ಗೆರೆ, ಇನ್ನೊಂದು ಪಕ್ಕಕ್ಕೆ 20 ಕ್ಯಾರೆಟ್‌ನದು. ಮೂರರ ಮೇಲೂ ಆಸಿಡ್ ಹನಿಯನ್ನು ಅಡ್ಡಲಾಗಿ ಎಳೆದು ಸುಮ್ಮನೆ ನೋಡುತ್ತ ಕುಳಿತರು. ಬೆರಕೆ ಹೆಚ್ಚಿದ್ದರೆ ತಾಮ್ರ, ಬೆಳ್ಳಿಗಳು ಆಸಿಡ್ಡಿಗೆ ಕರಗಿ ಗೆರೆ ಬೇಗ ಮಸುಕಾಗುತ್ತದೆ. ಅಜ್ಜಿಯ ಚಿನ್ನ 22ರ ಗೆರೆಯ ಜೊತೆಗೇ ನಿಂತಿತು. 22ನ್ನು 24ರಿಂದ ಭಾಗಿಸಿದರೆ ಬರುವ 0.916 ಎಂಬುದೇ ಒಡವೆಗಳ ಮೇಲೆ ಕಾಣುವ 916 ಎಂಬ ಅಂಕಿ. 37.5 ಗ್ರಾಮಿನಲ್ಲಿ ಅಪ್ಪಟ ಚಿನ್ನ ಸುಮಾರು 34.4 ಗ್ರಾಂ.

ಆಮೇಲಿನದು ನನ್ನ ಪಾಲಿನ ಕೆಲಸ. ಒಡವೆಯನ್ನು ಬೆಲೆ ಮಾಡುವಾಗ ಆ ದಿನದ ಏರಿದ ದರವನ್ನೇ ಹಿಡಿಯದೆ ಹಿಂದಿನ 30 ದಿನಗಳ ಸರಾಸರಿಯನ್ನು ನೋಡಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ತಂದಿತ್ತು. ಹಾಗೆ ಬಂದ ಬೆಲೆಯ ನೂರಕ್ಕೆ 75ರಷ್ಟು ಮಾತ್ರ ಸಾಲ ಎಂಬುದು ಬಹುಕಾಲ ನಮಗೆ ಬಾಯಿಪಾಠವಾಗಿದ್ದ ಮಿತಿ. ಕೊರೊನಾ ಕಾಲದಲ್ಲಿ, 2020ರ ಆಗಸ್ಟಿನಿಂದ 2021ರ ಮಾರ್ಚ್‌ವರೆಗೆ, ಬ್ಯಾಂಕುಗಳಿಗೆ ಅದನ್ನು 90ರವರೆಗೆ ಸಡಿಲಿಸಿದ್ದರು. ಆ ತಿಂಗಳುಗಳಲ್ಲಿ ನಮ್ಮ ಶಾಖೆಯ ಬಾಗಿಲ ಹೊರಗೆ ಬಿಡಿಬಿಡಿಯಾಗಿ ನಿಂತಿದ್ದ ಸಾಲನ್ನು ನಾನು ಮರೆಯಲಾರೆ. ಅಡ್ಡಿಕೆಯ ಹೆಂಗಸು ಮೊತ್ತ ಕೇಳಿ ಮುಖ ಸಣ್ಣದು ಮಾಡಿಕೊಂಡು, "ಮಜೂರಿ ಲೆಕ್ಕಕ್ಕೇ ಇಲ್ವಾ? ಆ ಕುಸುರಿ ನೋಡಿ ಸಾರ್" ಎಂದರು. ಇಲ್ಲ. ಕುಸುರಿ, ಮಜೂರಿ, ವೇಸ್ಟೇಜು, ಅಜ್ಜಿಯ ನೆನಪು ಯಾವುದಕ್ಕೂ ಆ ಮೇಜಿನ ಮೇಲೆ ತೂಕವಿಲ್ಲ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಆರು ಅಕ್ಷರಾಂಕಿಗಳ ಹಾಲ್‌ಮಾರ್ಕ್ ಗುರುತಿಲ್ಲದೆ ಒಡವೆ ಮಾರುವಂತಿಲ್ಲವಾದರೂ, ಅಜ್ಜಿಯರ ಕಾಲದ ಚಿನ್ನಕ್ಕೆ ಯಾವ ಗುರುತೂ ಇಲ್ಲವಾದ್ದರಿಂದ ಒರೆಗಲ್ಲಿಗೆ ಇನ್ನೂ ಕೆಲಸವಿದೆ. ಆ ಹೆಂಗಸು ಹೋದ ಮೇಲೆ ನಾನು ಆಚಾರ್ರನ್ನು, ಒಡವೆ ನಿಜಕ್ಕೂ ಚೆನ್ನಾಗಿತ್ತಲ್ಲ, ಒಂದು ಮಾತು ಹೇಳಬಹುದಿತ್ತಲ್ಲ ಎಂದು ಕೇಳಿದೆ. "ಕೆಲಸ ಬಹಳ ಚೆನ್ನಾಗಿತ್ತು ಸಾರ್. ನಮ್ಮ ತಂದೆ ಕೈಲೂ ಅಂಥದ್ದು ಆಗ್ತಿರಲಿಲ್ಲ. ಹೇಳಿದರೆ ಅವರು ಅದಕ್ಕೂ ದುಡ್ಡು ಕೇಳ್ತಾರೆ, ಕೊಡೋಕೆ ನನ್ನ ಹತ್ತಿರ ಕಾಲಂ ಇಲ್ಲ" ಎಂದರು.

ಕಾಲಂ ಇಲ್ಲ ಎಂಬ ಆ ಮಾತು ಅಕ್ಕನ ಮಗಳ ಮೂರು ಪುಟಗಳನ್ನು ನೆನಪಿಗೆ ತಂದಿತು. ಅವಳ ಫಾರ್ಮಿನಲ್ಲಿ ಕಾಲಮ್ಮುಗಳಿಗೆ ಬರವಿರಲಿಲ್ಲ. ಮುಂದಾಳುತನ, ಸಹಕಾರ, ಹೊಣೆಗಾರಿಕೆ ಎಲ್ಲಕ್ಕೂ ಒಂದೊಂದು ಚೌಕವಿತ್ತು, ಎಲ್ಲ ಚೌಕದಲ್ಲೂ ಒಳ್ಳೆಯ ಮಾತಿತ್ತು. ಕೆಲಸಗಾರರನ್ನು ಹೀಗೆ ವರ್ಷಕ್ಕೊಮ್ಮೆ ಅಳೆಯುವ ಪದ್ಧತಿಯ ಬಗ್ಗೆ ಅಳೆಯುವವರಿಗೇ ಇರುವ ಮುಜುಗರವನ್ನು ಅಮೆರಿಕದ ಆಡಳಿತ ಚಿಂತಕ ಡಗ್ಲಸ್ ಮೆಕ್‌ಗ್ರೆಗರ್ 1957ರಲ್ಲೇ ಬರೆದಿದ್ದರು. ಮ್ಯಾನೇಜರು ಇನ್ನೊಬ್ಬರ ಯೋಗ್ಯತೆಗೆ ತೀರ್ಪು ಕೊಡುತ್ತ ದೇವರ ಸ್ಥಾನದಲ್ಲಿ ಕೂರಬೇಕಾಗುತ್ತದೆ ಎಂಬುದು ಅವರ ಆಕ್ಷೇಪಣೆಯ ತಿರುಳು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್ ನೌಕರರನ್ನು ನೂರಕ್ಕೆ ಮೇಲಿನ 20, ನಡುವಿನ 70 ಮತ್ತು ಕೆಳಗಿನ 10ರ ಪಾಲಿನಲ್ಲಿ ವಿಂಗಡಿಸುವ ಕ್ರಮವನ್ನು ಪ್ರಸಿದ್ಧಗೊಳಿಸಿದರು, ನಮ್ಮ ಊರಿನ ಆಫೀಸುಗಳಲ್ಲಿ ಇಂಥ ಹಂಚಿಕೆಗೆ ಬೆಲ್ ಕರ್ವ್ ಎಂಬ ಮಾತು ಮನೆಮಾತಾಯಿತು. ಅವಳ ಮ್ಯಾನೇಜರು ಕೆಟ್ಟವನೇನಲ್ಲ. ಅವನ ತಂಡಕ್ಕೆ ಎಷ್ಟು ಹಣ ಎಂಬುದು ಮೊದಲೇ ಮೇಲಿನಿಂದ ಗೊತ್ತಾಗಿ ಬಂದಿತ್ತು, ಅವನ ಕೈಯಲ್ಲಿ ಉಳಿದದ್ದು ಹೊಗಳಿಕೆ ಒಂದೇ. ಪ್ರೈಸ್ ಇಲ್ಲದವನು ಪ್ರೇಜ್ ಕೊಟ್ಟ. ಆಚಾರ್ರ ಬಳಿ ಬೆಲೆಗೆ ಮಾತ್ರ ಕಾಲಂ ಇದೆ, ಇವನ ಬಳಿ ಬೆಲೆಯೊಂದಕ್ಕೆ ಬಿಟ್ಟು ಉಳಿದೆಲ್ಲಕ್ಕೂ ಇದೆ. ಎರಡರಲ್ಲಿ ಯಾವುದು ಹೆಚ್ಚು ನಿಷ್ಠುರ ಎಂದು ಕೇಳಿದರೆ ನಾನು ಎರಡನೆಯದು ಎನ್ನುತ್ತೇನೆ, ಏಕೆಂದರೆ ಅಡ್ಡಿಕೆಯ ಹೆಂಗಸಿಗೆ ಕನಿಷ್ಠ ತನ್ನ 34.4 ಗ್ರಾಮಿನ ಲೆಕ್ಕ ಸಿಕ್ಕಿತು.

ಹೊಣೆಯ ವಿಷಯದಲ್ಲೂ ಇಬ್ಬರಿಗೂ ಅಂತರವಿದೆ. ಹುಡುಕಾಟದಲ್ಲಿ ಸಿಕ್ಕ ಒಂದು ಹಳೆಯ ಕಾನೂನು ಈ ಅಂತರವನ್ನು ಕಣ್ಣಿಗೆ ಕಟ್ಟಿಸಿತು. ಮೊದಲನೆಯ ಎಡ್ವರ್ಡ್ ದೊರೆ 1283ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಆಕ್ಟನ್ ಬರ್ನೆಲ್ ಎಂಬ ಹಳ್ಳಿಯಲ್ಲಿ ಸಭೆ ಸೇರಿಸಿ, ವರ್ತಕರ ಸಾಲ ವಸೂಲಿಗೆ ಒಂದು ಶಾಸನ ಮಾಡಿದ. ಸಾಲ ತೀರಿಸದವನ ಸರಕನ್ನು ಬೆಲೆ ಕಟ್ಟಿಸಿ ಮಾರಿ, ಇಲ್ಲವೇ ಸಾಲ ಕೊಟ್ಟವನಿಗೇ ವಹಿಸಿ, ಸಾಲಕ್ಕೆ ಸಲ್ಲಿಸಬೇಕು ಎಂಬುದು ಅದರ ಒಂದು ಏರ್ಪಾಟು. ಬೆಲೆ ಕಟ್ಟುವವರು ಸಾಲಗಾರನ ಮೇಲಿನ ದಾಕ್ಷಿಣ್ಯಕ್ಕೆ ಬೆಲೆಯನ್ನು ಏರಿಸಿ ಹೇಳಿದರೆ, ಆ ಸರಕನ್ನು ಅವರು ಹೇಳಿದ ಬೆಲೆಗೆ ಅವರ ತಲೆಗೇ ಕಟ್ಟಬೇಕು, ಸಾಲ ಕೊಟ್ಟವನಿಗೆ ಆ ಹಣವನ್ನು ಅವರೇ ಕೂಡಲೇ ಕೊಡಬೇಕು ಎಂದು ಶಾಸನ ಹೇಳುತ್ತದೆ. ಹೊಗಳಿದ್ದನ್ನು ಹೊಗಳಿದವನೇ ಕೊಳ್ಳಬೇಕು ಎಂಬ ಈ ಏರ್ಪಾಟನ್ನು ಅಕ್ಕನ ಮಗಳಿಗೆ ಹೇಳಿದಾಗ ಅವಳು ಒಂದು ನಿಮಿಷ ಸುಮ್ಮನಿದ್ದು, ತನ್ನ ಮೂರು ಪುಟಗಳನ್ನು ಮ್ಯಾನೇಜರಿಗೆ ಆ ಶಾಸನದ ಜೊತೆಗೆ ಕಳಿಸುವ ಆಸೆಯಾಗುತ್ತಿದೆ ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಆಚಾರ್ರಿಗೂ ಅದನ್ನು ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿ, ಗಮನವಿಟ್ಟು ಕೇಳಿದರು. ಅವರಿಗೆ ಇದು ಇತಿಹಾಸವಾಗಿರಲಿಲ್ಲ. ಅಪ್ರೈಸರ್ ಆಗಿ ಸೇರುವಾಗ ಅವರು ಠೇವಣಿ ಇಟ್ಟಿದ್ದಾರೆ, ಚಿನ್ನ ನಕಲಿ ಎಂದು ಆಮೇಲೆ ತಿಳಿದರೆ ನಷ್ಟವನ್ನು ತಾನೇ ತುಂಬಿಕೊಡುತ್ತೇನೆ ಎಂದು ಸ್ಟಾಂಪ್ ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ. ಹಿಂದೆ ನಾನಿದ್ದ ಇನ್ನೊಂದು ಶಾಖೆಯಲ್ಲಿ, ಕೊಂಡಿ ಮಾತ್ರ ಚಿನ್ನವಾಗಿದ್ದು ಉಳಿದದ್ದೆಲ್ಲ ದಪ್ಪ ಲೇಪದ ತಾಮ್ರವಾಗಿದ್ದ ಸರವೊಂದು ಒರೆಗಲ್ಲನ್ನು ದಾಟಿಹೋಗಿತ್ತು. ಅಲ್ಲಿಯ ಅಪ್ರೈಸರ್ ಕೊಂಡಿಯನ್ನೇ ಉಜ್ಜಿದ್ದರು. ಆ ನಷ್ಟ ಅವರ ಠೇವಣಿಯಿಂದಲೇ ಹೋಯಿತು. ಅದು ನಮ್ಮ ಆಚಾರ್ರಿಗೂ ಗೊತ್ತು. ಇವರು ಎಷ್ಟು ಪರಿಚಿತರ ಸರವನ್ನಾದರೂ ಕೊಂಡಿಯೊಂದನ್ನೇ ಉಜ್ಜಿ ಬಿಡದಿರುವುದು ಅಂದಿನಿಂದ.

"ಏರಿಸಿ ಹೇಳಿದರೆ ಮಾಲು ನಮಗೇ ಕೊಟ್ಟುಬಿಡ್ತಿದ್ದರಾ ಸಾರ್?" ಎಂದು ಕೇಳಿದರು.

ಹೌದು, ನೀವು ಹೇಳಿದ ಬೆಲೆಗೆ ನಿಮಗೇ, ಎಂದೆ.

"ಹಾಗಾದರೆ ಆ ರಾಜ ಪರವಾಗಿಲ್ಲ. ಇಲ್ಲಿ ದುಡ್ಡೂ ನಮ್ಮದೇ ಹೋಗುತ್ತೆ, ಮಾಲೂ ಬ್ಯಾಂಕಲ್ಲೇ ಉಳಿಯುತ್ತೆ" ಎಂದು ಕೈ ತೊಳೆಯಲು ಎದ್ದರು. ಗಾಜಿನ ಆಚೆ ಟೋಕನ್ ಹಿಡಿದು ಇಬ್ಬರು ಕಾಯುತ್ತಿದ್ದರು.